ಹುಳಿಹಿಟ್ಟಿನಿಂದ ಮೆತ್ತನೆಯ ಬ್ರೆಡ್ಡು

ನಮ್ಮ ಮನೆಗಳಲ್ಲಿ ಬ್ರೆಡ್ಡೆಂಬುದು ಬಹುಕಾಲ ಜ್ವರದವರ ಪಥ್ಯವಾಗಿತ್ತು. ಕಾಯಿಲೆ ಬಿದ್ದವರಿಗೆ ಬೇಕರಿಯಿಂದ ತರಿಸಿ, ಬಿಸಿಹಾಲಿನಲ್ಲಿ ಅದ್ದಿ ಕೊಡುವರು. ಮೈ ನೆಟ್ಟಗಿರುವವನು ಅದನ್ನು ಕೇಳಿದರೆ ನಗುವರು. ಈಗಲಾದರೋ ನಗರದ ಮನೆಗಳಲ್ಲಿ ಬೆಳಗಿನ ಉಪಾಹಾರಕ್ಕೂ ಮಕ್ಕಳ ಬುತ್ತಿಗೂ ಅದು ಸೇರಿಹೋಗಿದೆ. ಈ ಭಾಷಣದಲ್ಲಿ ನಾವು ಹೇಳಹೊರಟಿರುವುದು ಅಂಗಡಿಯ ಬ್ರೆಡ್ಡನ್ನು ಕುರಿತಲ್ಲ. ಯೀಸ್ಟನ್ನು ಕೊಂಡು ತಾರದೆ, ಹಿಟ್ಟು ನೀರುಗಳಲ್ಲಿ ತಾನಾಗಿ ಹುಟ್ಟುವ ಹುಳಿಯಿಂದಲೇ ಉಬ್ಬಿಸಿ, ಮನೆಯಲ್ಲಿ ಸುಟ್ಟು, ಹೋಳು ಮಾಡಿ ನಡುವೆ ಚಟ್ನಿಯನ್ನೋ ಸೌತೆಕಾಯಿಯನ್ನೋ ಇಟ್ಟು ತಿನ್ನಬಹುದಾದ ಮೆತ್ತನೆಯ ಬ್ರೆಡ್ಡಿನ ವಿಷಯ ಇದು.

‘ಮೆತ್ತನೆಯ’ ಎಂಬ ಮಾತನ್ನು ನಾವು ಬೇಕೆಂದೇ ಹೇಳುತ್ತಿದ್ದೇವೆ. ಹುಳಿಹಿಟ್ಟಿನ ಬ್ರೆಡ್ಡೆಂದರೆ ಗಡುಸಾದ ಹೊರಪದರ, ಒಳಗೆ ದೊಡ್ಡ ದೊಡ್ಡ ತೂತು, ಬಾಯಿಗೆ ಚುರುಕಾದ ಹುಳಿ, ಇಷ್ಟೇ ಎಂದು ಅನೇಕರು ತಿಳಿದಿದ್ದಾರೆ. ನಾವು ಮೊದಲು ಮಾಡಿದ್ದೂ ಅಂಥದೇ. ನೋಡುವುದಕ್ಕೆ ಅದು ಬಲು ಚೆನ್ನಾಗಿತ್ತು. ನಮ್ಮ ತಾಯಿಯವರಿಗೆ ಎಂಬತ್ತು ದಾಟಿದೆ, ಹಲ್ಲುಗಳು ಹೋಗಿವೆ, ಬೆಳಗಿನ ಕಾಫಿಗೆ ಒಂದು ಹೋಳು ಬ್ರೆಡ್ಡನ್ನು ಅದ್ದಿ ತಿನ್ನುವುದು ಅವರ ರೂಢಿ. ನಾವು ಕೊಟ್ಟ ಹೋಳನ್ನು ಅವರು ಕಾಫಿಯಲ್ಲಿ ಎರಡು ಸಲ ಅದ್ದಿದರು, ಬಾಯಿಗಿಟ್ಟರು, ಆಮೇಲೆ ಏನೂ ಹೇಳದೆ ತಟ್ಟೆಯ ಅಂಚಿಗೆ ಇಟ್ಟರು. ಮರುದಿನ ಬೇಕರಿಯ ಬ್ರೆಡ್ಡೇ ಮನೆಗೆ ಬಂತು. ನಾವು ಈ ವಿಷಯದಲ್ಲಿ ಸ್ವಲ್ಪ ಓದಿ, ಬಹಳ ಹಿಟ್ಟನ್ನು ಕೆಡಿಸಿ, ಕೊನೆಗೆ ಒಂದು ಕ್ರಮವನ್ನು ಕಂಡುಕೊಳ್ಳುವುದಕ್ಕೆ ಆ ತಟ್ಟೆಯ ಅಂಚಿನ ಹೋಳೇ ಕಾರಣ.

ಮೊದಲು ಈ ಹುಳಿಹಿಟ್ಟು ಎಂದರೇನು ಎಂಬುದನ್ನು ನೋಡೋಣ. ಪದವೇನೂ ಹೊಸದಲ್ಲ, ಬೈಬಲ್ಲಿನ ಕನ್ನಡ ಅನುವಾದಗಳನ್ನು ಓದಿದವರಿಗೆ ಅದು ಪರಿಚಿತವಾದುದೇ. ಗೋಧಿಯ ಹಿಟ್ಟನ್ನು ನೀರಿನಲ್ಲಿ ಕಲಸಿ ಬೆಚ್ಚಗಿಟ್ಟರೆ ಅದರಲ್ಲಿ ಎರಡು ಜಾತಿಯ ಸೂಕ್ಷ್ಮಜೀವಿಗಳು ಕಾಲಕ್ರಮದಲ್ಲಿ ನೆಲೆಗೊಳ್ಳುತ್ತವೆ. ಒಂದು ಯೀಸ್ಟು, ಅದು ಸಕ್ಕರೆಯನ್ನು ತಿಂದು ಇಂಗಾಲಾಮ್ಲ ವಾಯುವನ್ನು ಬಿಟ್ಟು ಹಿಟ್ಟನ್ನು ಉಬ್ಬಿಸುತ್ತದೆ. ಇನ್ನೊಂದು ಲ್ಯಾಕ್ಟಿಕ್ ಆಮ್ಲವನ್ನುಂಟುಮಾಡುವ ಬ್ಯಾಕ್ಟೀರಿಯಾ. ಹಾಲನ್ನು ಮೊಸರಾಗಿಸುವ ಕುಲಕ್ಕೇ ಸೇರಿದ್ದು. ಹಾಲು ಹುಳಿಯುವುದು ಇಂಥ ಜೀವಿಗಳ ಕೆಲಸವೆಂದು ಪಾಸ್ತೇರನು ೧೮೫೭ರಲ್ಲಿ ತೋರಿಸಿಕೊಟ್ಟನು. ಅದಕ್ಕೆ ಸಾವಿರಾರು ವರ್ಷಗಳ ಹಿಂದೆಯೇ ಈಜಿಪ್ಟಿನವರು ಹುಳಿಹಿಟ್ಟಿನ ರೊಟ್ಟಿಯನ್ನು ಸುಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಒತ್ತಿ ಗಟ್ಟಿ ಮಾಡಿದ ಯೀಸ್ಟು ಮಾರಾಟಕ್ಕೆ ಬಂದ ಮೇಲೆ ಯೂರೋಪಿನ ಬೇಕರಿಗಳು ಹಳೆಯ ಹುಳಿಯನ್ನು ಮೆಲ್ಲಮೆಲ್ಲನೆ ಕೈಬಿಟ್ಟವು. ೧೯೬೧ರಲ್ಲಿ ಇಂಗ್ಲೆಂಡಿನ ಚಾರ್ಲಿವುಡ್ ಎಂಬಲ್ಲಿ, ಯಂತ್ರದ ರಭಸದಿಂದ ಕಣಕವನ್ನು ನಾದಿ ಕೆಲವೇ ಗಂಟೆಗಳಲ್ಲಿ ಬ್ರೆಡ್ಡನ್ನು ಹೊರಡಿಸುವ ಕ್ರಮವನ್ನು ಕಂಡುಹಿಡಿದ ಮೇಲಂತೂ ಹಿಟ್ಟಿಗೆ ಹುಳಿಯುವಷ್ಟು ಪುರಸತ್ತೇ ಇಲ್ಲದಂತಾಯಿತು.

ಈ ಎರಡು ಜೀವಿಗಳ ಸಂಸಾರ ವಿಚಿತ್ರವಾದುದು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಹೆಸರುವಾಸಿಯಾದ ಹುಳಿಬ್ರೆಡ್ಡನ್ನು ಪರೀಕ್ಷಿಸಿದ ವಿಜ್ಞಾನಿಗಳು ೧೯೭೧ರಲ್ಲಿ ತಿಳಿಸಿದ ಸಂಗತಿ ಇದು: ಹಿಟ್ಟಿನ ಪಿಷ್ಟ ಒಡೆದು ಮಾಲ್ಟೋಸ್ ಎಂಬ ಸಕ್ಕರೆ ಉಂಟಾಗುತ್ತದೆ. ಅಲ್ಲಿಯ ಯೀಸ್ಟು ಮಾಲ್ಟೋಸನ್ನು ಮುಟ್ಟುವುದಿಲ್ಲ. ಬ್ಯಾಕ್ಟೀರಿಯಾಕ್ಕೋ ಅದೇ ಬೇಕು. ಹೀಗೆ ಒಂದೇ ಪಾತ್ರೆಯಲ್ಲಿದ್ದರೂ ಅನ್ನಕ್ಕಾಗಿ ಜಗಳವಿಲ್ಲ. ಅಲ್ಲದೆ ಬ್ಯಾಕ್ಟೀರಿಯಾ ಬಿಡುವ ಆಮ್ಲವನ್ನು ಆ ಯೀಸ್ಟು ತಾಳಿಕೊಳ್ಳುತ್ತದೆ. ಬೇರೆ ಪರಕೀಯ ಜೀವಿಗಳು ತಾಳಲಾರದೆ ನಾಶವಾಗುತ್ತವೆ. ಎಲ್ಲರ ಮನೆಯ ಹುಳಿಹಿಟ್ಟಿನಲ್ಲಿಯೂ ಇದೇ ಜೋಡಿ ಇರಬೇಕೆಂದಿಲ್ಲ. ಆದರೆ ಏರ್ಪಾಡು ಬಹುಮಟ್ಟಿಗೆ ಇದೇ ಬಗೆಯದು.

ದೋಸೆ ಇಡ್ಲಿಗಳ ನಾಡಿನವರಿಗೆ ಇದರಲ್ಲಿ ಆಶ್ಚರ್ಯಪಡತಕ್ಕದ್ದು ಹೆಚ್ಚಿಲ್ಲ. ಇಡ್ಲಿಯ ಹಿಟ್ಟನ್ನು ಉಬ್ಬಿಸುವುದರಲ್ಲಿ ಮುಖ್ಯವಾದ ಜೀವಿ ಲ್ಯೂಕೊನಾಸ್ಟಾಕ್ ಎಂಬುದು. ಗೋಧಿಯ ಹುಳಿಹಿಟ್ಟಿನ ಮೊದಲ ದಿನಗಳಲ್ಲಿಯೂ ಅದೇ ಕುಲದವು ಕಾಣಿಸಿಕೊಳ್ಳುತ್ತವೆ. ಭೇದವಿರುವುದು ವಾಯುವನ್ನು ಹಿಡಿದಿಡುವ ಬಗೆಯಲ್ಲಿ. ಇಡ್ಲಿಯಲ್ಲಿ ಉದ್ದಿನ ಲೋಳೆ ಆ ಕೆಲಸವನ್ನು ಮಾಡುತ್ತದೆ. ಬ್ರೆಡ್ಡಿನಲ್ಲಿ ಗೋಧಿಯ ಗ್ಲುಟೆನ್ ಎಂಬ ಅಂಟು. ಹೋಳಿಗೆಯ ಕಣಕವನ್ನು ನಾದಿದವರೆಲ್ಲರ ಕೈಗೂ ಆ ಅಂಟಿನ ಗುರುತು ಉಂಟು. ಗೋವೆಯ ಪಾವು ಮಾಡುವವರು ಹಿಂದೆ ಹಿಟ್ಟನ್ನು ತೆಂಗಿನ ಕಳ್ಳಿನಿಂದ ಉಬ್ಬಿಸುತ್ತಿದ್ದರು. ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸಣ್ಣಗಳಿಗೆ ಕಳ್ಳು ಹಾಕುವ ಪದ್ಧತಿಯೂ ಇಂಥದೇ.

ಇನ್ನು ಹುಳಿಹಿಟ್ಟನ್ನು ಹುಟ್ಟಿಸುವ ಕ್ರಮ. ಗಾಜಿನ ಜಾಡಿಯೊಂದರಲ್ಲಿ ೫೦ ಗ್ರಾಂ ಗೋಧಿಹಿಟ್ಟು, ೫೦ ಗ್ರಾಂ ನೀರು. ಗೋಧಿಹಿಟ್ಟೆಂದರೆ ತೌಡು ಸಹಿತವಾದ ಚಪಾತಿಯ ಹಿಟ್ಟು. ತೌಡಿನೊಡನೆ ಜೀವಿಗಳೂ ಹೆಚ್ಚಾಗಿ ಬರುತ್ತವೆ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ವಾಸನೆಯಿದ್ದರೆ ಕಾಯಿಸಿ ಆರಿಸಿಕೊಳ್ಳುವುದು ಒಳ್ಳೆಯದು. ಕಲಸಿ, ಸಡಿಲವಾಗಿ ಮುಚ್ಚಿ, ಬೆಚ್ಚಗಿರುವ ಕಡೆ ಇಡಬೇಕು. ಪ್ರತಿದಿನವೂ ಅರ್ಧವನ್ನು ತೆಗೆದುಹಾಕಿ, ಉಳಿದುದಕ್ಕೆ ಮತ್ತೆ ೫೦ ಗ್ರಾಂ ಹಿಟ್ಟು ೫೦ ಗ್ರಾಂ ನೀರು ಸೇರಿಸಬೇಕು. ಮೂರು ನಾಲ್ಕು ದಿನಗಳಾದ ಮೇಲೆ ಗೋಧಿಹಿಟ್ಟಿಗೆ ಬದಲಾಗಿ ಮೈದಾ ಹಾಕಬಹುದು.

ಇಲ್ಲಿ ಒಂದು ಮೋಸವಿದೆ. ನಾವು ಅದಕ್ಕೆ ಪೂರ್ತಿಯಾಗಿ ಒಳಗಾದೆವು. ಎರಡನೆಯ ದಿನವೇ ನಮ್ಮ ಜಾಡಿ ಉಕ್ಕಿ ಹರಿಯಿತು. ನಮ್ಮ ಹವೆಯ ಗುಣವೇ ಇದೆಂದು ಹಿಗ್ಗಿ, ಮೂರನೆಯ ದಿನ ಬ್ರೆಡ್ಡು ಮಾಡಿದೆವು. ಅದನ್ನು ಬ್ರೆಡ್ಡೆನ್ನುವುದಕ್ಕಿಂತ ಇಟ್ಟಿಗೆಯೆನ್ನುವುದು ಸರಿ. ಮೊದಲ ಉಕ್ಕು ಯೀಸ್ಟಿನದಲ್ಲ. ಹಿಟ್ಟಿನಲ್ಲಿ ಮೊದಲಿಂದಲೂ ಇರುವ, ಆಮ್ಲವನ್ನು ತಾಳಲಾರದ ಪರಪುಟ್ಟ ಬ್ಯಾಕ್ಟೀರಿಯಾಗಳದು. ಅವುಗಳ ಗದ್ದಲ ಮುಗಿದ ಮೇಲೆ ಜಾಡಿ ಎರಡು ಮೂರು ದಿನ ಸತ್ತಂತೆ ಬಿದ್ದಿರುತ್ತದೆ. ವಾಸ್ತವವಾಗಿ ಆಗಲೇ ಒಳಗೆ ಆಮ್ಲ ಏರುತ್ತಿರುತ್ತದೆ, ಯೀಸ್ಟಿಗೆ ಎಡೆ ಏರ್ಪಡುತ್ತಿರುತ್ತದೆ. ಬಹು ಮಂದಿ ಬೇಸತ್ತು ಚೆಲ್ಲುವುದು ಈ ಘಟ್ಟದಲ್ಲಿ. ಚೆಲ್ಲಬಾರದು. ಏಳರಿಂದ ಹತ್ತು ದಿನಗಳೊಳಗೆ ಅದು, ಹಿಟ್ಟು ನೀರು ಕೊಟ್ಟ ನಾಲ್ಕೈದು ಗಂಟೆಗಳಲ್ಲಿ, ದಿನದಿನವೂ ತಪ್ಪದೆ ಇಮ್ಮಡಿಯಾಗುವ ಸ್ಥಿತಿಗೆ ಬರುತ್ತದೆ. ವಾಸನೆ ಹುಳಿಮಜ್ಜಿಗೆಯಂತೆಯೋ ಮಾಗಿದ ಹಣ್ಣಿನಂತೆಯೋ ಇರಬೇಕು. ಕೆಂಪು ಅಥವಾ ಕಿತ್ತಳೆಯ ಗೆರೆಗಳೋ ಬೂಷ್ಟೋ ಕಂಡರೆ ಮಾತ್ರ ಕನಿಕರವಿಲ್ಲದೆ ಎಸೆದು ಮತ್ತೆ ಮೊದಲಿನಿಂದ ಆರಂಭಿಸತಕ್ಕದ್ದು.

ಒಂದು ಬೇಸಗೆಯಲ್ಲಿ ನಮ್ಮ ಜಾಡಿಯಿಂದ ಉಗುರುಬಣ್ಣದ ಘಾಟಿನಂಥ ವಾಸನೆ ಬರತೊಡಗಿತು. ಮೇಲೆ ಕಪ್ಪುನೀರು ನಿಂತಿತು. ಪುಸ್ತಕಗಳನ್ನು ಹುಡುಕುತ್ತ ಕುಳಿತಿದ್ದೆವು. ನಮ್ಮ ತಾಯಿಯವರು ಜಾಡಿಯ ಮುಚ್ಚಳವನ್ನು ತೆಗೆದು ಮೂಸಿ, “ಹಸಿವಾಗಿದೆ ಕಣಪ್ಪ ಇದಕ್ಕೆ, ಸೆಕೆಗೆ ಬೇಗ ಹುಳಿ ಬಂದಿದೆ, ದೋಸೆಹಿಟ್ಟಿನ ಹಾಗೇ ಅಲ್ಲವೆ?” ಎಂದರು. ಅದೇ ನಿಜವಾಗಿತ್ತು. ಚೈತ್ರ ವೈಶಾಖಗಳಲ್ಲಿ ದಿನಕ್ಕೆ ಎರಡಾವರ್ತಿ ಹಿಟ್ಟು ಕೊಡಬೇಕು. ಮಾಗಿಯ ಚಳಿಯಲ್ಲಿ ಒಲೆಯ ಪಕ್ಕಕ್ಕಿಡಬೇಕು. ಹಿಟ್ಟನ್ನು ಬಿಸಾಡುವುದೂ ಅವರಿಗೆ ಸಮ್ಮತವಿರಲಿಲ್ಲ. ಜಾಡಿ ಬಲಿತ ಮೇಲೆ ತೆಗೆಯುವ ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ ಬೆರಸಿ ದೋಸೆ ಹುಯ್ಯುವುದನ್ನು ಅವರೇ ಆರಂಭಿಸಿದರು. ಮೊದಲ ವಾರದ ಹಿಟ್ಟನ್ನು ಮಾತ್ರ ತಿನ್ನದೆ ಗಿಡದ ಬುಡಕ್ಕೆ ಹಾಕುವುದು ಕ್ಷೇಮ. ವಾರಕ್ಕೊಮ್ಮೆ ಮಾತ್ರ ಬ್ರೆಡ್ಡು ಮಾಡುವವರು ಜಾಡಿಯನ್ನು ರಿಫ್ರಿಜಿರೇಟರಿನಲ್ಲಿಟ್ಟು, ಮಾಡುವ ಹಿಂದಿನ ದಿನ ಹೊರತೆಗೆದು ಎರಡು ಸಲ ಹಿಟ್ಟು ಕೊಟ್ಟರೆ ಸಾಕು.

ಈಗ ಮುಖ್ಯ ಪ್ರಶ್ನೆಗೆ ಬರೋಣ: ಮೆತ್ತಗಾಗುವುದು ಹೇಗೆ? ಇದಕ್ಕೆ ನಾವು ಕಂಡ ಉಪಾಯಗಳಲ್ಲಿ ಎರಡು ಬಹಳ ಮುಖ್ಯವಾದುವು.

ಮೊದಲನೆಯದು ಹುಳಿಯನ್ನು ಹದದಲ್ಲಿಡುವುದು. ಹುಳಿ ಅತಿಯಾದರೆ ರುಚಿ ಕೆಡುವುದಷ್ಟೇ ಅಲ್ಲ; ಆಮ್ಲದಲ್ಲಿ ಹಿಟ್ಟಿನೊಳಗಿನ ಕಿಣ್ವಗಳು ಚುರುಕಾಗಿ ಗ್ಲುಟೆನ್ನನ್ನು ಕಡಿದುಹಾಕುತ್ತವೆ. ಕಣಕ ಜೋಲಾಗುತ್ತದೆ, ಬ್ರೆಡ್ಡು ಕುಗ್ಗಿ ಬಿಗಿಯಾಗುತ್ತದೆ. ಆದುದರಿಂದ ಜಾಡಿಯ ಹುಳಿಹಿಟ್ಟನ್ನು ನೇರವಾಗಿ ಉಪಯೋಗಿಸದೆ, ಹಿಂದಿನ ರಾತ್ರಿ ಸಕ್ಕರೆ ಬೆರಸಿದ ಗಟ್ಟಿಯಾದ ಹುಳಿಯುಂಡೆಯೊಂದನ್ನು ಮಾಡಿಕೊಳ್ಳಬೇಕು. ಸಕ್ಕರೆಯಿಂದ ಬ್ಯಾಕ್ಟೀರಿಯಾಗಳ ವೇಗ ತಗ್ಗುತ್ತದೆ. ಯೀಸ್ಟು ಅದನ್ನು ಸಹಿಸಿಕೊಂಡು ಬೆಳೆಯುತ್ತದೆ. ಉಬ್ಬು ಉಳಿದು ಹುಳಿ ಕಡಿಮೆಯಾಗುತ್ತದೆ.

ಎರಡನೆಯದು ಹಿಟ್ಟಿನ ಒಂದು ಭಾಗವನ್ನು ಮೊದಲೇ ಬೇಯಿಸಿಕೊಳ್ಳುವುದು. ಜಪಾನ್, ತೈವಾನ್ ದೇಶಗಳ ಬೇಕರಿಗಳಲ್ಲಿ ಇದು ರೂಢಿಯಲ್ಲಿದೆ. ಹಿಟ್ಟನ್ನು ಅದರ ಐದರಷ್ಟು ಹಾಲಿನಲ್ಲಿ ಕದಡಿ, ಸುಮಾರು ೬೫ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದರೆ ಪಿಷ್ಟದ ಕಣಗಳು ನೀರನ್ನು ಹೀರಿ ಊದಿಕೊಳ್ಳುತ್ತವೆ. ಹೀಗೆ ಹೀರಿದ ನೀರು ಕಣಕವನ್ನು ಅಂಟುಂಟಾಗಿಸದೆ ಒಳಗೇ ನಿಲ್ಲುತ್ತದೆ. ಸುಟ್ಟ ಬ್ರೆಡ್ಡು ಎರಡು ಮೂರು ದಿನ ತೇವವಾಗಿರುತ್ತದೆ. ಅಕ್ಕಿರೊಟ್ಟಿಗೆ ಹಿಟ್ಟನ್ನು ಉಕ್ಕರಿಸಿಕೊಳ್ಳುವ ನಮ್ಮ ಹೆಂಗಸರಿಗೆ ಇದರ ತತ್ತ್ವವನ್ನು ವಿವರಿಸಬೇಕಾಗಿಯೇ ಇಲ್ಲ. ಹಸಿಹಿಟ್ಟಿನ ರೊಟ್ಟಿ ಆರಿದ ಮೇಲೆ ಬಿರುಸಾಗುವುದನ್ನೂ ಉಕ್ಕರಿಸಿದ ಹಿಟ್ಟಿನದು ಮೆತ್ತಗಿರುವುದನ್ನೂ ಅವರು ಬಲ್ಲರು.

ಇವಲ್ಲದೆ ಹಾಲು, ಬೆಣ್ಣೆ, ಸಕ್ಕರೆಗಳೂ ತಮ್ಮ ತಮ್ಮ ಪಾಲಿನ ಮೃದುತ್ವವನ್ನು ಕೊಡುತ್ತವೆ.

ಹಿಟ್ಟಿನ ವಿಷಯ ಒಂದು ಮಾತು. ಈ ಬ್ರೆಡ್ಡಿಗೆ ಮೈದಾ ಬೇಕು. ಪೊಟ್ಟಣದ ಮೇಲೆ ನೂರಕ್ಕೆ ೧೧ರಷ್ಟಾದರೂ ಪ್ರೋಟೀನಿದೆಯೆಂದು ಬರೆದಿದ್ದರೆ ಉತ್ತಮ. ಚಕ್ಕಿಯ ಗೋಧಿಹಿಟ್ಟನ್ನೇ ಪೂರ್ತಿ ಹಾಕಿದರೆ ಈ ಮೆದುತನ ಬರುವುದಿಲ್ಲ, ಕಾಲುಭಾಗದವರೆಗೆ ಬೆರಸಬಹುದು. ಉತ್ತರ ಕರ್ನಾಟಕದ ಜವೆಗೋಧಿ ಮಾದಲಿಗೂ ಪಾಯಸಕ್ಕೂ ಸೊಗಸಾದುದು. ಅದರ ಅಂಟು ಮಾತ್ರ ಬ್ರೆಡ್ಡನ್ನು ಎತ್ತಿಹಿಡಿಯಲಾರದು. ಅಳತೆಗೆ ಬಟ್ಟಲು ಸೇರುಗಳನ್ನು ನಂಬದೆ ಒಂದು ಸಣ್ಣ ತಕ್ಕಡಿಯನ್ನಿಟ್ಟುಕೊಳ್ಳಬೇಕು. ಇದರಲ್ಲಿ ನಾವು ಹಟವಾದಿಗಳೇ ಸರಿ.

ರಾತ್ರಿ ಒಂಬತ್ತು ಗಂಟೆಗೆ: ಚೆನ್ನಾಗಿ ಉಬ್ಬಿದ ಹುಳಿಹಿಟ್ಟು ೨೫ ಗ್ರಾಂ, ಮೈದಾ ೭೫ ಗ್ರಾಂ, ನೀರು ೩೫ ಗ್ರಾಂ, ಸಕ್ಕರೆ ೧೫ ಗ್ರಾಂ. ಇವನ್ನು ನಾದಿ ಉಂಡೆ ಮಾಡಿ ಮುಚ್ಚಿಡಬೇಕು. ಬೆಂಗಳೂರು ಮೈಸೂರುಗಳ ಸಾಧಾರಣ ಹವೆಯಲ್ಲಿ ಬೆಳಗಿನ ಆರರ ಹೊತ್ತಿಗೆ ಅದು ಹೆಚ್ಚುಕಡಿಮೆ ಮೂರರಷ್ಟಾಗಿರುತ್ತದೆ. ಮಲಗುವ ಮುನ್ನವೇ ೨೫ ಗ್ರಾಂ ಮೈದಾವನ್ನು ೧೨೫ ಗ್ರಾಂ ಹಾಲಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ, ಸೌಟಿನ ಗೆರೆ ತಳದಲ್ಲಿ ನಿಲ್ಲುವಷ್ಟು ಗಟ್ಟಿಯಾದಾಗ ಇಳಿಸಿ, ಮುಚ್ಚಿ ಆರಲು ಬಿಟ್ಟು, ಆರಿದ ಮೇಲೆ ರಿಫ್ರಿಜಿರೇಟರಿನಲ್ಲಿಟ್ಟರೆ ಬೆಳಗಿನ ಕೆಲಸ ಹಗುರವಾಗುತ್ತದೆ.

ಬೆಳಗ್ಗೆ ೩೫೦ ಗ್ರಾಂ ಮೈದಾ, ೨೫ ಗ್ರಾಂ ಸಕ್ಕರೆ, ರಾತ್ರಿಯ ಹುಳಿಯುಂಡೆಯನ್ನು ಚೂರುಚೂರು ಮಾಡಿದುದು, ಬೇಯಿಸಿದ ಹಿಟ್ಟು, ೧೬೦ ಗ್ರಾಂ ಹಾಲು, ಇವನ್ನು ಕಲಸಬೇಕು. ಮೈದಾದಲ್ಲಿ ನೀರು ಹೀರುವ ಶಕ್ತಿ ಒಂದೊಂದರಲ್ಲಿ ಒಂದೊಂದು ಬಗೆ. ಆದಕಾರಣ ಹಾಲಿನಲ್ಲಿ ಎರಡು ಚಮಚೆಯಷ್ಟನ್ನು ಮೊದಲು ಹಿಡಿದಿಟ್ಟು, ಬೇಕೆನಿಸಿದರೆ ಮಾತ್ರ ಹಾಕುವುದು ಜಾಣತನ. ಅರ್ಧ ಗಂಟೆ ಹಾಗೆಯೇ ಬಿಡಬೇಕು. ಆಮೇಲೆ ೮ ಗ್ರಾಂ ಉಪ್ಪನ್ನು ಸೇರಿಸಿ ನಾದಲಾರಂಭಿಸಿ, ಕಣಕ ಒಗ್ಗೂಡಿದ ಮೇಲೆ ಮೆತ್ತನೆಯ ಬೆಣ್ಣೆ ೩೫ ಗ್ರಾಮನ್ನು ಸ್ವಲ್ಪಸ್ವಲ್ಪವಾಗಿ ಬೆರಸಬೇಕು. ಬೆಣ್ಣೆ ಬಿದ್ದೊಡನೆ ಕಣಕ ಒಡೆದು ಜಾರತೊಡಗುತ್ತದೆ. ಕೆಟ್ಟಿತೆಂದು ಹೆದರದೆ ನಾದುತ್ತಿದ್ದರೆ ಮತ್ತೆ ಕೂಡಿಕೊಳ್ಳುತ್ತದೆ. ಕೈಯಲ್ಲಾದರೆ ಒಟ್ಟು ಇಪ್ಪತ್ತು ನಿಮಿಷಗಳ ಶ್ರಮ. ಒಂದು ಚೂರನ್ನು ಎರಡು ಕೈಗಳ ಬೆರಳುಗಳಿಂದ ಎಳೆದರೆ ಹರಿಯದೆ ಪೊರೆಯಂತಾಗಿ ಅದರ ಮೂಲಕ ಬೆಳಕು ಕಾಣಬೇಕು. ಹೋಳಿಗೆಯ ಕಣಕವನ್ನು ಎಣ್ಣೆಯಲ್ಲಿ ನೆನೆಸಿ ಎಳೆದು ನೋಡುವವರು ಈ ಪರೀಕ್ಷೆಯಲ್ಲಿ ಸೋಲುವುದಿಲ್ಲ.

ಮುಚ್ಚಿಟ್ಟ ಕಣಕ ಮೂರು ನಾಲ್ಕು ಗಂಟೆಗಳಲ್ಲಿ ಒಂದೂವರೆಯಷ್ಟಕ್ಕಿಂತ ಹೆಚ್ಚಾಗುತ್ತದೆ. ಆಗ ಅದನ್ನು ಮೂರು ಸಮಭಾಗ ಮಾಡಿ, ಒಂದೊಂದನ್ನೂ ಲಟ್ಟಣಿಗೆಯಿಂದ ಉದ್ದವಾಗಿ ಒತ್ತಿ, ಚಾಪೆ ಸುತ್ತುವಂತೆ ಬಿಗಿಯಾಗಿ ಸುರುಳಿ ಸುತ್ತಿ, ಬೆಣ್ಣೆ ಸವರಿದ ತಗಡಿನ ಅಚ್ಚಿನಲ್ಲಿ ಸಾಲಾಗಿ ನಿಲ್ಲಿಸಬೇಕು. ಅಚ್ಚು ೨೩ ಸೆಂಟಿಮೀಟರ್ ಉದ್ದ, ೧೦ ಅಗಲ, ೧೦ ಎತ್ತರವಿರಲಿ. ಎರಡನೆಯ ಉಬ್ಬಿನಲ್ಲಿ ಅವಸರ ಸಲ್ಲದು. ಮೂರರಿಂದ ಐದು ಗಂಟೆ ಹಿಡಿದೀತು. ಗಡಿಯಾರಕ್ಕಿಂತ ಅಚ್ಚನ್ನು ನೋಡುವುದು ಮೇಲು. ಕಣಕದ ತಲೆ ಅಚ್ಚಿನ ಅಂಚಿಗೆ ಬಂದಿರಬೇಕು; ಬೆರಳಿನಿಂದ ಮೆಲ್ಲಗೆ ಒತ್ತಿದ ಗುಳಿ ನಿಧಾನವಾಗಿ ಅರೆಬರೆ ತುಂಬಿಕೊಳ್ಳಬೇಕು. ಥಟ್ಟನೆ ತುಂಬಿದರೆ ಇನ್ನೂ ಕಾಯಬೇಕು. ತುಂಬದೇ ಹೋದರೆ ಹೊತ್ತು ಮೀರಿದೆ, ಕೂಡಲೇ ಒಲೆಗೆ ಹಾಕಬೇಕು. ನಾವು ಕೆಡಿಸಿದ ಬ್ರೆಡ್ಡುಗಳಲ್ಲಿ ಮುಕ್ಕಾಲು ಪಾಲು ಈ ಘಟ್ಟದಲ್ಲಿ ಆತುರಪಟ್ಟು ಕೆಡಿಸಿದವು.

ವಿದ್ಯುತ್ತಿನ ಓವನನ್ನು ಮೊದಲೇ ೧೮೦ ಡಿಗ್ರಿಗೆ ಕಾಯಿಸಿಟ್ಟು, ಮೇಲೆ ಹಾಲು ಸವರಿ, ೩೫ರಿಂದ ೪೦ ನಿಮಿಷ ಸುಡಬೇಕು. ಮನೆಗಳಲ್ಲಿರುವ ಸಣ್ಣ ಓವನುಗಳಲ್ಲಿ ಮೇಲಿನ ಕಂಬಿ ಹತ್ತಿರವಿರುವುದರಿಂದ ಅಚ್ಚನ್ನು ಕೆಳಗಿನ ಅಂತಸ್ತಿನಲ್ಲಿಡಬೇಕು. ಬೇಗ ಕೆಂಪಾದರೆ ಮೇಲೊಂದು ತಗಡಿನ ಹಾಳೆಯನ್ನು ಮುಚ್ಚಬೇಕು. ಒಳಗಿನ ಶಾಖ ೯೩ ಡಿಗ್ರಿ ದಾಟಿದರೆ ಬೆಂದಿತೆಂದರ್ಥ. ಹೊರತೆಗೆದೊಡನೆ ಬಿಸಿಯಿರುವಾಗಲೇ ಬೆಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು ಅಚ್ಚಿನಿಂದ ಬಿಡಿಸಿ, ತೆಳುವಾದ ಬಟ್ಟೆಯಲ್ಲಿ ಹೊದಿಸಿ ಆರಲು ಬಿಟ್ಟರೆ ಒಳಗಿನ ಆವಿಯಿಂದ ಮೇಲುಪದರವೂ ಮೆತ್ತಗಾಗುತ್ತದೆ. ಎರಡು ಗಂಟೆಯಾಗುವವರೆಗೆ ಕತ್ತಿ ಹಾಕಬಾರದು. ಮನೆಯಲ್ಲೆಲ್ಲ ಪರಿಮಳ ಹಬ್ಬಿರುವಾಗ ಇದನ್ನು ಮಕ್ಕಳಿಗೆ ಒಪ್ಪಿಸುವುದು ಕಷ್ಟ. ಬಿಸಿಯಲ್ಲಿ ಕೊಯ್ದರೆ ಮಾತ್ರ ಒಳಗು ಮುದ್ದೆಯಾಗಿ ಕತ್ತಿಗೆ ಅಂಟುತ್ತದೆ.

ಇದನ್ನು ರಿಫ್ರಿಜಿರೇಟರಿನಲ್ಲಿ ಇಡಬಾರದು. ಬ್ರೆಡ್ಡು ಹಳಸಿ ಬಿರುಸಾಗುವುದು ನೀರು ಆರುವುದರಿಂದ ಮಾತ್ರವಲ್ಲ. ಬೆಂದ ಪಿಷ್ಟ ಮತ್ತೆ ಹರಳುಗಟ್ಟುವುದರಿಂದ. ತಣ್ಣಗಿರುವ ಕಡೆ, ಘನೀಭವಿಸುವಷ್ಟು ತಣ್ಣಗಿಲ್ಲದಿದ್ದರೆ, ಈ ಹರಳುಗಟ್ಟುವಿಕೆ ಬೇಗ ನಡೆಯುತ್ತದೆ. ಡಬ್ಬದಲ್ಲಿ ಹೊರಗೇ ಇಟ್ಟು ಮೂರು ದಿನಗಳಲ್ಲಿ ಮುಗಿಸುವುದು ಲೇಸು. ಹುಳಿಯಿರುವುದರಿಂದ ನಮ್ಮ ಸೆಕೆಯಲ್ಲಿ ಬ್ರೆಡ್ಡಿನ ಒಳಗು ನೂಲುನೂಲಾಗಿ ಕೆಡುವ ರೋಗ ಇದಕ್ಕೆ ಸುಲಭವಾಗಿ ತಗಲುವುದಿಲ್ಲ.

ಆರೋಗ್ಯದ ವಿಷಯದಲ್ಲಿ ಈಚೆಗೆ ಅತಿಶಯೋಕ್ತಿಗಳು ಕೇಳಿಬರುತ್ತಿವೆ. ಮನೆಯ ಬ್ರೆಡ್ಡಿನಲ್ಲಿ ಏನಿದೆಯೆಂಬುದು ನಮಗೆ ಗೊತ್ತಿರುತ್ತದೆ, ಅದು ನಿಜವಾದ ಲಾಭ. ಬೇಕರಿಗಳಲ್ಲಿ ಬಳಕೆಯಲ್ಲಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು ನಮ್ಮ ದೇಶದಲ್ಲಿ ನಿಷೇಧಿಸಿದ್ದು ೨೦೧೬ರಲ್ಲಷ್ಟೆ. ತೌಡಿರುವ ಹಿಟ್ಟು ಹುಳಿ ಬಂದರೆ ಅದರಲ್ಲಿಯ ಖನಿಜಾಂಶಗಳು ದೇಹಕ್ಕೆ ಹೆಚ್ಚಾಗಿ ದಕ್ಕುತ್ತವೆಂಬುದೂ ನಿಜ. ಆದರೆ ನಾವು ಹೇಳಿದ ಬ್ರೆಡ್ಡು ಮೈದಾ, ಬೆಣ್ಣೆ, ಸಕ್ಕರೆಗಳದು; ಅದನ್ನು ಔಷಧವೆನ್ನಲಾಗದು. ಗೋಧಿಯ ಅಂಟು ಒಗ್ಗದ ಸೀಲಿಯಾಕ್ ರೋಗಿಗಳು ಹುಳಿ ಬಂದಿದೆಯೆಂಬ ಭರವಸೆಯಿಂದ ಇದನ್ನು ಮುಟ್ಟಲೇಬಾರದು.

ಈ ಕ್ರಮದಲ್ಲಿ ಮೊದಲನೆಯ ಬ್ರೆಡ್ಡು ಸರಿಬಂದ ಮರುದಿನ ಬೆಳಗ್ಗೆ ಅದರ ಒಂದು ಹೋಳನ್ನು, ಇಂಥದೆಂದು ಹೇಳದೆ, ತಾಯಿಯವರ ತಟ್ಟೆಯಲ್ಲಿಟ್ಟೆವು. ಅವರು ಕಾಫಿಯಲ್ಲಿ ಅದ್ದಿ ತಿಂದರು. ಸ್ವಲ್ಪ ಹೊತ್ತಾದ ಮೇಲೆ, ಬೇಕರಿಯವನು ಈ ನಡುವೆ ಸಕ್ಕರೆ ಕಡಿಮೆ ಹಾಕುತ್ತಿದ್ದಾನೆಯೆ ಎಂದು ಕೇಳಿ, ಇನ್ನೊಂದು ಹೋಳಿಗೆ ಕೈ ನೀಡಿದರು.